ಬೋರ್ ನೀರು ತುಂಬಿದ ಮೀನಿನ ಟ್ಯಾಂಕ್‌ನಲ್ಲಿ ಗಿಡ ನಿಲ್ಲುತ್ತಿಲ್ಲ: ಕೋಲಾರ, ಚಿಕ್ಕಬಳ್ಳಾಪುರ, ತುಮಕೂರು ಕಡೆಯವರು ಹೇಗೆ ಬೆಳೆಸುತ್ತಿದ್ದೀರಿ?

ಗಪ್ಪಿ_ಕೋಲಾರ
ಎಲ್ಲರಿಗೂ ನಮಸ್ಕಾರ. ನನ್ನದು ಮೂರು ಅಡಿ ಟ್ಯಾಂಕ್. ಒಂದು ಅಡಿ ಅಗಲ, ಒಂದೂಕಾಲು ಅಡಿ ಎತ್ತರ. ನೀರು ಮನೆ ಬೋರ್‌ದು. ಟಿಡಿಎಸ್ (ನೀರಿನಲ್ಲಿ ಕರಗಿದ ಲವಣ) ಮೀಟರ್ 900 ತೋರಿಸುತ್ತದೆ. ನಲ್ಲಿ, ಬಕೆಟ್, ಗೀಸರ್ ಕಾಯಿಲ್, ಎಲ್ಲದಕ್ಕೂ ಬಿಳಿ ಪೊರೆ ಕಟ್ಟುತ್ತದೆ, ಕೋಲಾರದವರಿಗೆ ಇದು ಹೊಸದೇನಲ್ಲ.

ಮೀನುಗಳಿಗೆ ತೊಂದರೆ ಇಲ್ಲ. ಗಪ್ಪಿ, ಮಾಲಿ ಎರಡೂ ಮರಿ ಹಾಕುತ್ತಿವೆ. ಗಿಡ ಮಾತ್ರ ನಿಲ್ಲುತ್ತಿಲ್ಲ. ಬೆಂಗಳೂರಿನಿಂದ ಅನುಬಿಯಾಸ್, ಕ್ರಿಪ್ಟೊಕೊರಿನ್, ಕೆಂಪು ರೊಟಾಲಾ, ಜೊತೆಗೆ ಹೆಸರು ಗೊತ್ತಿಲ್ಲದ ನೇರಳೆ ಬಣ್ಣದ ಅಗಲ ಎಲೆಯ ಗಿಡ ತಂದೆ. ಈಗ ಕ್ರಿಪ್ಟ್ ಎಲೆ ಬೆರಳು ತಾಗಿಸಿದರೆ ಲೋಳೆಯಾಗಿ ಕೈಗೆ ಬರುತ್ತದೆ. ರೊಟಾಲಾ ಕೆಳಗಿನಿಂದ ಬೋಳಾಗುತ್ತಿದೆ. ಅಂಗಡಿಯವರನ್ನು ಕೇಳಿದರೆ ಸಿಓಟು (ಕಾರ್ಬನ್ ಡೈಆಕ್ಸೈಡ್) ಸಿಲಿಂಡರ್, ಅಕ್ವಾ ಸಾಯಿಲ್ (ಟ್ಯಾಂಕ್ ಗಿಡಕ್ಕೆಂದೇ ಮಾರುವ ಮಣ್ಣು), ಆರ್‌ಓ (ಲವಣ ಸೋಸಿ ತೆಗೆದ) ನೀರು, ಮೂರೂ ಇಲ್ಲದೆ ಗಿಡದ ಆಸೆ ಬಿಡಿ ಅಂದರು. ಅಷ್ಟು ದುಡ್ಡು ಸುರಿಯದೆ ಆಗಲ್ವಾ?

ಬಾಟನಿ_ಮೇಷ್ಟ್ರು
ಆಗುತ್ತೆ. ಮೊದಲು ಕ್ರಿಪ್ಟ್ ಕಿತ್ತು ಬಿಸಾಡಬೇಡಿ.

ಅಂಗಡಿಗೆ ಬರುವ ಗಿಡಗಳಲ್ಲಿ ಬಹಳಷ್ಟನ್ನು ನರ್ಸರಿಯಲ್ಲಿ ನೀರಿನ ಮೇಲೆ ಬೆಳೆಸಿರುತ್ತಾರೆ. ಬೇರು ಒದ್ದೆ, ಎಲೆ ಗಾಳಿಯಲ್ಲಿ. ಹಾಗೆ ಬೆಳೆಸಿದರೆ ಬೇಗ ಬೆಳೆಯುತ್ತದೆ, ಪಾಚಿ ಹತ್ತುವುದಿಲ್ಲ. ಗಾಳಿಯಲ್ಲಿ ಹುಟ್ಟಿದ ಎಲೆಗೆ ನೀರೊಳಗೆ ಬಾಳುವ ರಚನೆ ಇಲ್ಲ. ಮುಳುಗಿಸಿದ ಮೇಲೆ ಆ ಎಲೆ ಕರಗುತ್ತದೆ, ಗಿಡ ಹೊಸದಾಗಿ ನೀರಿನ ಎಲೆ ಬಿಡುತ್ತದೆ. ಕ್ರಿಪ್ಟ್ ಇದರಲ್ಲಿ ಎಲ್ಲಕ್ಕಿಂತ ನಾಜೂಕು. ಜಾಗ ಬದಲಾದರೂ ಕರಗುತ್ತೆ, ನೀರು ಬದಲಾದರೂ ಕರಗುತ್ತೆ. ಬುಡ ಒತ್ತಿ ನೋಡಿ. ಗಟ್ಟಿ ಇದ್ದರೆ ಗಿಡ ಬದುಕಿದೆ. ಕೊಳೆತ ಎಲೆ ಮಾತ್ರ ಕತ್ತರಿಸಿ ತೆಗೆಯಿರಿ, ಬುಡ ಅಲ್ಲಾಡಿಸಬೇಡಿ.

ನೀವು ಹೇಳುವ ನೇರಳೆ ಗಿಡ ಬಹುಶಃ ಹೆಮಿಗ್ರಾಫಿಸ್. ಎಲೆ ಉಬ್ಬುತಗ್ಗಾಗಿದ್ದು ಅಡಿಭಾಗ ನೇರಳೆ ಇದ್ದರೆ ಅದೇ. ಅದು ನೀರಿನ ಗಿಡವೇ ಅಲ್ಲ, ಕುಂಡದ ಗಿಡ. ಡ್ರಸೀನಾ, ಸಿಂಗೋನಿಯಂ, ಸ್ಪೈಡರ್ ಪ್ಲಾಂಟ್, ಲಕ್ಕಿ ಬ್ಯಾಂಬೂ ಎಲ್ಲವನ್ನೂ ಹೀಗೇ ಮುಳುಗಿಸಿ ಮಾರುತ್ತಾರೆ. ಕೆಲವು ವಾರ ಹಸಿರಾಗಿ ನಿಂತಿರುತ್ತವೆ, ಆಮೇಲೆ ಕೊಳೆತು ನೀರು ಕೆಡಿಸುತ್ತವೆ. ಇವತ್ತೇ ತೆಗೆದು ಕುಂಡಕ್ಕೆ ಹಾಕಿ, ಅಲ್ಲಿ ಚೆನ್ನಾಗಿ ಬರುತ್ತದೆ.

ಅನುಬಿಯಾಸ್ ಹೇಗೆ ನೆಟ್ಟಿದ್ದೀರಿ?

ಗಪ್ಪಿ_ಕೋಲಾರ
ಜಲ್ಲಿಯೊಳಗೆ ಸರ್, ಗಟ್ಟಿಯಾಗಿ ನಿಲ್ಲಲಿ ಅಂತ. ಅಂಗಡಿಯಲ್ಲಿ ಹಾಗೇ ಇತ್ತು.

ಬಾಟನಿ_ಮೇಷ್ಟ್ರು
ಅದರ ಕಾಂಡ ಶುಂಠಿಯ ಹಾಗೆ ಅಡ್ಡ ಬೆಳೆಯುತ್ತದೆ. ಅದು ಹೂತರೆ ಕೊಳೆಯುತ್ತದೆ. ಬೇರು ಮಾತ್ರ ಒಳಗೆ ಹೋಗಬಹುದು. ಒಂದು ಕಲ್ಲಿಗೆ ಹತ್ತಿ ದಾರದಿಂದ ಕಟ್ಟಿ ಬಿಡಿ. ದಾರ ಕರಗುವ ಹೊತ್ತಿಗೆ ಬೇರು ಕಲ್ಲು ಹಿಡಿದಿರುತ್ತದೆ. ಜಾವಾ ಫರ್ನ್ ತಂದರೂ ಇದೇ ಕ್ರಮ.

ಸಿಲಿಂಡರ್_ಸೀನ
ಕೆಜಿಎಫ್‌ನಿಂದ. ಮೇಷ್ಟ್ರು ಹೇಳಿದ್ದೆಲ್ಲ ಸರಿ. ಆದರೆ ಅಂಗಡಿಯವನು ಪೂರ್ತಿ ಸುಳ್ಳು ಹೇಳಿಲ್ಲ ಗುರು. ಆ ಕೆಂಪು ರೊಟಾಲಾ ಮಕ್ರಾಂಡ್ರಾ ಆಗಿದ್ದರೆ 900ರ ನೀರಿನಲ್ಲಿ ಸಿಓಟು ಇಲ್ಲದೆ ಬರುವುದು ಕಷ್ಟ. ಅದಕ್ಕೆ ಮೆದು ನೀರು ಬೇಕು, ಜೋರು ಲೈಟ್ ಬೇಕು, ಅನಿಲ ಬೇಕು. ನಿಮಗೆ ಮಾಂಟೆ ಕಾರ್ಲೊ ಹುಲ್ಲುಹಾಸು, ಕೆಂಪು ಗಿಡ, ಅದೇ ಬೇಕು ಅಂದರೆ ಖರ್ಚು ಮಾಡಲೇಬೇಕು. ಹಸಿರು ಸಾಕು ಅಂದರೆ ಬೇಡ.

ಬಾಟನಿ_ಮೇಷ್ಟ್ರು
ತಮಾಷೆ ಏನೆಂದರೆ ರೊಟಾಲಾ ಮಕ್ರಾಂಡ್ರಾ ನಮ್ಮ ದಕ್ಷಿಣ ಭಾರತದ್ದೇ. ಪಶ್ಚಿಮ ಘಟ್ಟದ ಕಡೆಯ ಮೆದು ನೀರಿನ ಗಿಡ. ಕ್ರಿಪ್ಟೊಕೊರಿನ್ ರೆಟ್ರೊಸ್ಪೈರಾಲಿಸ್ ಕೂಡ ಘಟ್ಟದ ಹೊಳೆಗಳಲ್ಲಿ ಕಲ್ಲುಗಳ ಸಂದಿಯಲ್ಲಿ ಇರುತ್ತದೆ. ಘಟ್ಟದ ಗಿಡವನ್ನು ಬಯಲುಸೀಮೆಯ ಬೋರ್ ನೀರಿಗೆ ಹಾಕಿ, ಬರಲಿಲ್ಲ ಅಂದರೆ ಅದೇನು ಮಾಡೀತು. ನಮ್ಮ ನೀರಿಗೆ ಹೊಂದುವ ಗಿಡ ಬೇರೆ ಇವೆ.

ವ್ಯಾಲಿಸ್ನೇರಿಯಾ, ಹೈಡ್ರಿಲಾ, ಹಾರ್ನ್‌ವರ್ಟ್. ಈ ಮೂರಕ್ಕೂ ಒಂದು ಶಕ್ತಿ ಇದೆ. ನೀರಿನಲ್ಲಿ ಕರಗಿದ ಕಾರ್ಬನ್ ಡೈಆಕ್ಸೈಡ್ ಕಡಿಮೆಯಾದರೆ ಬೈಕಾರ್ಬನೇಟ್‌ನಿಂದಲೇ ಕಾರ್ಬನ್ ಎಳೆದುಕೊಳ್ಳುತ್ತವೆ. ಗಡಸು ನೀರಿನಲ್ಲಿ ಬೈಕಾರ್ಬನೇಟ್‌ಗೆ ಬರವೇ? ಸುಮ್ನೆ ಸಿಲಿಂಡರ್ ಯಾಕೆ, ನಿಮ್ಮ ಬೋರ್‌ನಲ್ಲೇ ಇದೆ. ಹಾಗೆ ಎಳೆದುಕೊಂಡಾಗ ಎಲೆಯ ಮೇಲೆ ಸುಣ್ಣ ಉಳಿಯುತ್ತದೆ. ಸಂಜೆ ವ್ಯಾಲಿಸ್ನೇರಿಯಾದ ಹಳೆ ಎಲೆಯನ್ನು ಎರಡು ಬೆರಳ ನಡುವೆ ಎಳೆದು ನೋಡಿ, ಸಣ್ಣಗೆ ತರಿತರಿ ಅನ್ನಿಸುತ್ತದೆ. ಅದು ರೋಗ ಅಲ್ಲ.

ಹೈಗ್ರೊಫಿಲಾ ಪಾಲಿಸ್ಪರ್ಮಾ, ವಾಟರ್ ವಿಸ್ಟೀರಿಯಾ, ನೀರುಬ್ರಾಹ್ಮಿ, ಸ್ಯಾಜಿಟೇರಿಯಾ ಇವೂ ತಕರಾರಿಲ್ಲದೆ ಬರುತ್ತವೆ. ಅನುಬಿಯಾಸ್, ಜಾವಾ ಫರ್ನ್ ನಿಧಾನ, ಆದರೆ ಸಾಯುವುದಿಲ್ಲ.

ತುಮಕೂರು_ತೊಟ್ಟಿ
ಟಿಡಿಎಸ್ 900 ಅಂದ ಮಾತ್ರಕ್ಕೆ ಎಲ್ಲಾ ಸುಣ್ಣವೇ ಅಂತ ಅಲ್ಲ ತಮ್ಮ. ಆ ಮೀಟರ್ ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತೆ ಅಂತ ಅಳೆದು ಒಂದು ಅಂಕಿ ಹೇಳುತ್ತೆ, ಅಷ್ಟೇ. ಕ್ಯಾಲ್ಸಿಯಂ ಎಷ್ಟು, ಉಪ್ಪು ಎಷ್ಟು, ನೈಟ್ರೇಟ್ ಎಷ್ಟು ಅಂತ ಹೇಳಲ್ಲ. ಮನೆಗೆ ಸಾಫ್ಟ್‌ನರ್ ಹಾಕಿಸಿದ್ದೀರಾ? ಹಾಕಿಸಿದ್ದರೆ ಅದರ ನೀರು ಟ್ಯಾಂಕ್‌ಗೆ ಬೇಡ. ಅದು ಕ್ಯಾಲ್ಸಿಯಂ, ಮೆಗ್ನೀಷಿಯಂ ತೆಗೆದು ಸೋಡಿಯಂ ಬಿಡುತ್ತೆ. ಟಿಡಿಎಸ್ ಇಳಿಯುವುದೇ ಇಲ್ಲ. ಗಿಡಕ್ಕೆ ಬೇಕಾದ್ದು ಹೋಗಿ ಬೇಡದ್ದು ಬಂತು.

ಹತ್ತು ಇಪ್ಪತ್ತು ಹನಿ ಹಾಕಿ ಬಣ್ಣ ನೋಡುವ ಕೆಎಚ್ (ಬೈಕಾರ್ಬನೇಟ್ ಎಷ್ಟು), ಜಿಎಚ್ (ಕ್ಯಾಲ್ಸಿಯಂ, ಮೆಗ್ನೀಷಿಯಂ ಎಷ್ಟು) ಟೆಸ್ಟ್ ಕಿಟ್ ಒಂದು ತಗೊಳ್ಳಿ. ಸಿಲಿಂಡರ್‌ಗಿಂತ ಮೊದಲು ಅದು.

ಗಪ್ಪಿ_ಕೋಲಾರ
ಸಾಫ್ಟ್‌ನರ್ ಇಲ್ಲ ಅಕ್ಕ. ನೇರ ಬೋರ್. ನಿಮ್ಮ ಕಡೆ ಹೇಮಾವತಿ ನೀರು ಅಲ್ವಾ, ನಿಮಗೇನು ಚಿಂತೆ.

ತುಮಕೂರು_ತೊಟ್ಟಿ
ಚಿಂತೆ ಇಲ್ಲ ಅಂತೀರಾ! ಹೇಮಾವತಿ ನೀರು ಬಂದ ವಾರ ಮೆದು ನೀರು, ನಲ್ಲಿ ಬರದ ವಾರ ಬೋರ್ ನೀರು. ಒಂದೇ ಗಡಸಿನಲ್ಲಿ ಇದ್ದರೆ ಗಿಡ ಹೇಗೋ ಒಗ್ಗಿಕೊಳ್ಳುತ್ತೆ. ಹೀಗೆ ವಾರಕ್ಕೊಂದು ಥರ ಆದರೆ ಕ್ರಿಪ್ಟ್ ಎಲೆ ಉದುರಿಸುತ್ತೆ. ಅದಕ್ಕೆ ನಾನು ಮಹಡಿ ಮೇಲೆ ಒಂದು ಡ್ರಮ್ ಇಟ್ಟು ಹೇಮಾವತಿ ನೀರು ಹಿಡಿದಿಟ್ಟುಕೊಳ್ಳುತ್ತೇನೆ. ಕ್ಲೋರಿನ್ ಹೋಗಲು ಒಂದು ರಾತ್ರಿ ತೆರೆದಿಡಬೇಕು, ಅವಸರ ಇದ್ದರೆ ಹೈಪೊ (ಸೋಡಿಯಂ ಥಯೋಸಲ್ಫೇಟ್) ಹರಳು. ಬೋರ್ ನೀರಿಗೆ ಆ ಕಷ್ಟ ಇಲ್ಲ, ನಿಮ್ಮದು ಒಂದು ರೀತಿ ವಾಸಿ.

ಬೋರ್ ನೀರಿನಲ್ಲಿ ಇನ್ನೊಂದು ಇದೆ. ಪಂಪ್‌ನಿಂದ ಆಗಲೇ ಬಂದ ನೀರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ, ಆಮ್ಲಜನಕ ಕಡಿಮೆ. ಆಗ ಪಿಎಚ್ 7 ಇದ್ದದ್ದು ಬಕೆಟ್‌ನಲ್ಲಿ ಒಂದು ದಿನ ಇಟ್ಟರೆ 8ರ ಹತ್ತಿರ ಹೋಗುತ್ತದೆ. ನೀರು ಬದಲಿಸಿದ ದಿನ ಎಲೆ ಅಂಚಿನಲ್ಲಿ ಗುಳ್ಳೆ ಸಾಲುಸಾಲಾಗಿ ಏಳುವುದನ್ನು ನೋಡಿರುತ್ತೀರಿ. ಕೆಲವು ನೀರಿನಲ್ಲೇ ಕರಗಿದ್ದ ಗಾಳಿ, ಕೆಲವು ಗಿಡದ್ದೇ ಆಮ್ಲಜನಕ. ಗಿಡಕ್ಕೆ ಅವತ್ತು ಹಬ್ಬ. ಮೀನಿಗೆ ಅಷ್ಟು ಒಳ್ಳೆಯದಲ್ಲ. ಅರ್ಧ ಟ್ಯಾಂಕ್ ಒಂದೇ ಸಲ ಹೊಸ ಬೋರ್ ನೀರು ಸುರಿಯಬೇಡಿ. ಕಾಲುಭಾಗ ಸಾಕು, ಅದೂ ಸ್ವಲ್ಪ ಹೊತ್ತು ಬಕೆಟ್‌ನಲ್ಲಿ ನಿಂತ ಮೇಲೆ.

ಪಾವಗಡ_ಪೆಟ್ಟಿಗೆ
ನಮ್ಮ ಕಡೆ ಫ್ಲೋರೈಡ್ ಕಾಟಕ್ಕೆ ಊರೂರಿಗೂ ಶುದ್ಧ ಕುಡಿಯುವ ನೀರಿನ ಘಟಕ ಇದೆ. ನಾಣ್ಯ ಹಾಕಿ ಕ್ಯಾನ್ ತುಂಬಿಸಿಕೊಳ್ಳುವುದು. ಅದು ಆರ್‌ಓ ನೀರೇ. ಮೀಟರ್ ಅದ್ದಿದರೆ 50ರ ಆಸುಪಾಸು. ಬೋರ್ ನೀರು ಒಂದು ಪಾಲು, ಅದು ಮೂರು ಪಾಲು ಸೇರಿಸಿದರೆ 260ರ ಹತ್ತಿರ ಬರುತ್ತೆ. ಸಿಲಿಂಡರೂ ಬೇಡ, ಮನೆಗೊಂದು ಮಿಷನ್ನೂ ಬೇಡ.

ಆದರೆ ಪೂರ್ತಿ ಆರ್‌ಓ ನೀರು ತುಂಬಬೇಡಿ. ಅದರಲ್ಲಿ ಕ್ಯಾಲ್ಸಿಯಂ ಇಲ್ಲ, ಕೆಎಚ್ ಇಲ್ಲ, ಪಿಎಚ್ ನಿಲ್ಲುವುದಿಲ್ಲ. ಮನೆಯಲ್ಲೇ ಆರ್‌ಓ ಇದ್ದವರು ಹೊರಗೆ ಬರುವ ವೇಸ್ಟ್ ನೀರನ್ನು ಟ್ಯಾಂಕ್‌ಗೆ ಬಿಡುತ್ತಾರೆ. ಅದು ಬೋರ್‌ಗಿಂತ ಗಡಸು, ನೆಲ ಒರೆಸಿ.

ಸಿಲಿಂಡರ್_ಸೀನ
ಮಳೆ ನೀರು ಯಾರೂ ಹೇಳಲಿಲ್ಲ. ಮೊದಲ ಮಳೆ ಬಿಟ್ಟು, ತಾರಸಿ ತೊಳೆದ ಮೇಲಿನ ನೀರು ಹಿಡಿದಿಟ್ಟರೆ ಪುಕ್ಕಟೆ ಆರ್‌ಓ. ನಮ್ಮ ಕಡೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಎರಡು ಡ್ರಮ್ ತುಂಬಲು ಕಷ್ಟ ಇಲ್ಲ. ಡ್ರಮ್‌ಗೆ ಮುಚ್ಚಳ ಇರಲಿ, ಸೊಳ್ಳೆ.

ಡ್ರಿಪ್ಪು_ಗೊಬ್ಬರ
ಚಿಂತಾಮಣಿಯಿಂದ. ಗೊಬ್ಬರದ ಅಂಗಡಿ ನಮ್ಮದು, ಮೀನು ಹುಚ್ಚು ಪಕ್ಕದಲ್ಲಿ. ಇಲ್ಲಿಯವರೆಗೆ ಎಲ್ಲರೂ ನೀರಿನ ಮಾತೇ ಆಡಿದಿರಿ. ಗಿಡಕ್ಕೆ ಊಟ ಏನು ಹಾಕುತ್ತಿದ್ದೀರಿ ಅಂತ ಯಾರೂ ಕೇಳಲಿಲ್ಲ.

ಅಕ್ವೇರಿಯಂ ಅಂಗಡಿಯಲ್ಲಿ ಸಣ್ಣ ಬಾಟಲಿಯಲ್ಲಿ ಕೊಡುವ ಗಿಡದ ಟಾನಿಕ್‌ನಲ್ಲಿ ಮುಖ್ಯವಾಗಿ ಇರುವುದು ಪೊಟ್ಯಾಸಿಯಂ ನೈಟ್ರೇಟ್, ಮೊನೊ ಪೊಟ್ಯಾಸಿಯಂ ಫಾಸ್ಫೇಟ್, ಪೊಟ್ಯಾಸಿಯಂ ಸಲ್ಫೇಟ್, ಚೂರು ಸೂಕ್ಷ್ಮ ಪೋಷಕಾಂಶ. ಇದೇ ನಮ್ಮ ಟೊಮೆಟೊ ರೈತರು ಡ್ರಿಪ್‌ನಲ್ಲಿ ಬಿಡುವ, ಅದೇ ಕ್ರಮದಲ್ಲಿ, 13-0-45, 0-52-34, 0-0-50 (ಅಂಕಿಗಳು ಸಾರಜನಕ, ರಂಜಕ, ಪೊಟ್ಯಾಷ್‌ನ ಶೇಕಡಾ ಪಾಲು). ಕೋಲಾರ, ಚಿಂತಾಮಣಿ, ಶ್ರೀನಿವಾಸಪುರದ ಯಾವ ಗೊಬ್ಬರದ ಅಂಗಡಿಗೆ ಹೋದರೂ ಒಂದು ಕೆಜಿ ಪ್ಯಾಕೆಟ್ ಸಿಗುತ್ತದೆ. ಒಂದು ಕೆಜಿ ಒಂದು ಟ್ಯಾಂಕ್‌ಗೆ ಖಾಲಿಯಾಗುವುದೇ ಇಲ್ಲ.

ನಿಮ್ಮದು ಲೆಕ್ಕ ಹಾಕೋಣ. 3 ಗುಣಿಸು 1 ಗುಣಿಸು 1.25 ಅಂದರೆ 3.75 ಘನ ಅಡಿ. ಒಂದು ಘನ ಅಡಿಗೆ 28.3 ಲೀಟರ್. 106 ಲೀಟರ್ ಆಯಿತು. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 90. ನೂರು ಅಂತಲೇ ಇಟ್ಟುಕೊಳ್ಳಿ.

ಅರ್ಧ ಲೀಟರ್ ಆರ್‌ಓ ನೀರಿಗೆ 13-0-45 ಇಪ್ಪತ್ತು ಗ್ರಾಂ ಕರಗಿಸಿ. ಅದರಲ್ಲಿ 10 ಎಂಎಲ್ ಹಾಕಿದರೆ ನೂರು ಲೀಟರ್ ಟ್ಯಾಂಕ್‌ಗೆ ನೈಟ್ರೇಟ್ ಸುಮಾರು 2.4 ಪಿಪಿಎಂ (ಲೀಟರ್‌ಗೆ ಮಿಲಿಗ್ರಾಂ), ಪೊಟ್ಯಾಸಿಯಂ ಒಂದೂವರೆ ಪಿಪಿಎಂ ಸೇರುತ್ತದೆ. 0-52-34 ಅರ್ಧ ಲೀಟರ್‌ಗೆ ಎರಡೇ ಗ್ರಾಂ ಸಾಕು. 10 ಎಂಎಲ್‌ಗೆ ಫಾಸ್ಫೇಟ್ 0.28 ಪಿಪಿಎಂ. ಸಿಓಟು ಇಲ್ಲದ ಟ್ಯಾಂಕ್‌ಗೆ ವಾರಕ್ಕೊಮ್ಮೆ ಇಷ್ಟು ಹಾಕಿ ನೋಡಿ.

ನಿಮ್ಮ ಟ್ಯಾಂಕ್‌ನಲ್ಲಿ ಗಪ್ಪಿ ತುಂಬಿದ್ದರೆ ಇದೂ ಬೇಡವಾಗಬಹುದು. ಮೀನಿನ ಊಟ, ಮೀನಿನ ಗಲೀಜು ಸೇರಿ ನೈಟ್ರೇಟ್, ಫಾಸ್ಫೇಟ್ ಸಿಗುತ್ತೆ. ತೋಟದ ನಡುವಿನ ಬೋರ್ ಆದರೆ ನೀರಿನಲ್ಲೇ ನೈಟ್ರೇಟ್ ಇರಬಹುದು. ಅಂಥ ಟ್ಯಾಂಕ್‌ನಲ್ಲಿ ಕೊರತೆ ಬೀಳುವುದು ಪೊಟ್ಯಾಸಿಯಂ ಮತ್ತೆ ಕಬ್ಬಿಣ. ಹಳೆ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಿದ್ದು ತೂತಿನ ಸುತ್ತ ಹಳದಿ ಆದರೆ ಪೊಟ್ಯಾಸಿಯಂ. ಹೊಸ ಎಲೆ ಬೆಳ್ಳಗೆ ಬಂದು ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣ. ಕೆಳಗಿನ ಹಳೆ ಎಲೆ ಪೂರ್ತಿ ಹಳದಿ ಆದರೆ ಸಾರಜನಕ. ಟೊಮೆಟೊ ಹೊಲದಲ್ಲಿ ನೋಡುವುದೂ ಇದನ್ನೇ.

19-19-19 ಮಾತ್ರ ಬೇಡ. ಅದರಲ್ಲಿ ಯೂರಿಯಾ, ಅಮೋನಿಯಂ ಇರುತ್ತದೆ. ಗಡಸು ನೀರಿನ ಪಿಎಚ್ 8 ದಾಟಿದಾಗ ಅಮೋನಿಯಂನ ಒಂದು ಪಾಲು ವಿಷದ ಅಮೋನಿಯಾ ಆಗುತ್ತದೆ. ಮೀನು ಉಳಿಯುವುದಿಲ್ಲ.

ಗಪ್ಪಿ_ಕೋಲಾರ
ಅಣ್ಣ, ಇದು ನನಗೆ ಗೊತ್ತೇ ಇರಲಿಲ್ಲ. ನಮ್ಮ ಮಾವನ ಶೆಡ್‌ನಲ್ಲೇ 13-0-45 ಮೂಟೆ ಇದೆ. ಕಬ್ಬಿಣಕ್ಕೆ ಏನು ಹಾಕಲಿ?

ಡ್ರಿಪ್ಪು_ಗೊಬ್ಬರ
ಅಂಗಡಿಯಲ್ಲಿ ಜಾಸ್ತಿ ಸಿಗುವುದು ಇಡಿಟಿಎ (ಕಬ್ಬಿಣವನ್ನು ನೀರಿನಲ್ಲಿ ಕರಗಿದಂತೆ ಹಿಡಿದಿಡುವ ವಸ್ತು) ಕಬ್ಬಿಣ, 12 ಪರ್ಸೆಂಟ್. ನಿಮ್ಮ ಪಿಎಚ್‌ನಲ್ಲಿ ಅದು ಬೇಗ ಬಿಟ್ಟುಕೊಂಡು ತಳ ಸೇರುತ್ತದೆ. ಡಿಟಿಪಿಎ ಕಬ್ಬಿಣ ಕೇಳಿ, ಸ್ವಲ್ಪ ತಡೆಯುತ್ತೆ. ಅದೂ ಒಮ್ಮೆಲೇ ಬೇಡ, ವಾರದಲ್ಲಿ ಎರಡು ಮೂರು ಸಲ ಚೂರುಚೂರು. ಫಾಸ್ಫೇಟ್ ಹಾಕಿದ ದಿನ ಕಬ್ಬಿಣ ಹಾಕಬೇಡಿ, ಎರಡೂ ಸೇರಿ ಕೂತುಬಿಡುತ್ತವೆ.

ಶಿಡ್ಲಘಟ್ಟ_ಸೀಗಡಿ
ಸೀಗಡಿ ಸಾಕಿದವರು ಇಲ್ಲಿ ನಿಲ್ಲಿ. ಗೊಬ್ಬರದ ಅಂಗಡಿಯ ಮೈಕ್ರೋನ್ಯೂಟ್ರಿಯೆಂಟ್ ಮಿಶ್ರಣದಲ್ಲಿ ತಾಮ್ರ ಇರುತ್ತೆ. ಗಿಡಕ್ಕೆ ಬೇಕಾದಷ್ಟು ತಾಮ್ರ ತೊಂದರೆ ಮಾಡಲ್ಲ, ಕೈ ಜಾರಿ ಜಾಸ್ತಿ ಬಿದ್ದರೆ ಚೆರ್ರಿ ಸೀಗಡಿ ಬದುಕಲ್ಲ. ಪ್ಯಾಕೆಟ್ ಹಿಂಭಾಗ ಓದಿ.

ಔಷಧಿ ಹೊಡೆದ ಕೈಯನ್ನು ಟ್ಯಾಂಕ್‌ಗೆ ಅದ್ದಬೇಡಿ. ಟೊಮೆಟೊ, ದ್ರಾಕ್ಷಿ ತೋಟ ಇರುವವರಿಗೆ ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯಬೇಕು. ಕೀಟನಾಶಕ ಕೀಟಕ್ಕೆ ಮಾಡಿದ್ದು, ಸೀಗಡಿ ಕೀಟದ ನೆಂಟ. ಹೊಸ ಗಿಡ ತಂದರೂ ಬೇರೆ ಬಕೆಟ್‌ನಲ್ಲಿ ಇಟ್ಟು ನೀರು ಬದಲಿಸುತ್ತಾ ಒಂದು ವಾರ ಕಾಯುತ್ತೇನೆ.

ಇನ್ನೊಂದು, ಇದು ನಮ್ಮ ಊರಿನವರಿಗೆ ಮಾತ್ರ ಸಿಗುವ ಭಾಗ್ಯ: ಹಿಪ್ಪುನೇರಳೆ ಸೊಪ್ಪು. ಬೇರೆ ದೇಶದವರು ಒಣಗಿಸಿದ ಸೊಪ್ಪನ್ನು ಪ್ಯಾಕೆಟ್‌ನಲ್ಲಿ ದುಡ್ಡು ಕೊಟ್ಟು ಸೀಗಡಿಗೆ ಹಾಕುತ್ತಾರೆ. ಇಲ್ಲಿ ರೇಷ್ಮೆ ಹುಳುವಿಗೆ ಕೊಯ್ದ ಸೊಪ್ಪಿನಲ್ಲಿ ನಾಲ್ಕು ಎಲೆ ಕೇಳಿದರೆ ಕೊಡುತ್ತಾರೆ. ಹುಳು ತಿನ್ನುವ ಸೊಪ್ಪಿಗೆ ಔಷಧಿ ಹೊಡೆಯಲು ಅಂಜುತ್ತಾರೆ, ಅದರ ಅಂಶ ಉಳಿದರೆ ಹುಳುವೇ ಸಾಯುತ್ತೆ; ಆದರೂ ಹೊಡೆದಿಲ್ಲ ಅಂತ ಕೇಳಿಕೊಂಡೇ ತನ್ನಿ. ಕುದಿಯುವ ನೀರಿನಲ್ಲಿ ಒಂದು ನಿಮಿಷ ಅದ್ದಿ ತೆಗೆದು ಹಾಕಿ. ಮರುದಿನ ನರ ಮಾತ್ರ ಉಳಿದಿರುತ್ತದೆ.

ಗಪ್ಪಿ_ಕೋಲಾರ
ಸೀಗಡಿ ಇಲ್ಲ ನನ್ನ ಹತ್ತಿರ. ಈಗ ತಳಕ್ಕೆ ಬರೀ ಬಣ್ಣದ ಜಲ್ಲಿ ಇದೆ. ಅಕ್ವಾ ಸಾಯಿಲ್ ಬದಲು ಕೆರೆ ಗೋಡು ಹಾಕಬಹುದಾ? ನಮ್ಮ ಊರ ಕೆರೆ ಹೂಳು ತೆಗೆದಾಗ ಎಲ್ಲರೂ ಹೊಲಕ್ಕೆ ಹೊಡೆಸಿಕೊಂಡರು.

ಡ್ರಿಪ್ಪು_ಗೊಬ್ಬರ
ಹೊಲಕ್ಕೆ ಬಂಗಾರ ಅದು. ಟ್ಯಾಂಕ್‌ಗೆ ನಾನು ಹಾಕಲ್ಲ.

ತುಮಕೂರು_ತೊಟ್ಟಿ
ನಾನು ಹಾಕಿದ್ದೇನೆ, ಚೆನ್ನಾಗಿದೆ. ಆದರೆ ನಮ್ಮ ಗೋಡು ಬರೀ ಮಳೆ ನೀರಿನ ಸಣ್ಣ ಕಟ್ಟೆಯದು. ಎಲ್ಲಿಯದು ಅನ್ನುವುದು ಮುಖ್ಯ.

ಬಾಟನಿ_ಮೇಷ್ಟ್ರು
ಕೋಲಾರದ ಕೆರೆಗಳಿಗೆ 2018ರಿಂದ ಕೆಸಿ ವ್ಯಾಲಿ ನೀರು ಬರುತ್ತಿದೆ, ನಮ್ಮ ಚಿಕ್ಕಬಳ್ಳಾಪುರದ ಕಡೆ ಎಚ್‌ಎನ್ ವ್ಯಾಲಿ ನೀರು. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕಳಿಸುವುದು. ಆ ಕೆರೆಗಳ ಹೂಳಿನಲ್ಲಿ ಸಾರಜನಕ, ರಂಜಕ ಜಾಸ್ತಿ ಇರುವ ಸಾಧ್ಯತೆ ಇದೆ. ಗಾಜಿನ ಪೆಟ್ಟಿಗೆಯಲ್ಲಿ ಅಷ್ಟು ಗೊಬ್ಬರ ಒಮ್ಮೆಗೆ ಬಿಟ್ಟುಕೊಂಡರೆ ಪಾಚಿ ಕಾಟ. ಅದಕ್ಕಿಂತ ಹೊಲದ ಕೆಮ್ಮಣ್ಣು ವಾಸಿ, ಅದೂ ರಾಸಾಯನಿಕ ಹಾಕದ ಬದುವಿನದು. ಅದರಲ್ಲಿ ಕಬ್ಬಿಣ ಇದ್ದೇ ಇದೆ.

ಗಿಡದ ಟ್ಯಾಂಕ್ ಬಗ್ಗೆ ಪುಸ್ತಕ ಬರೆದ ಡಯಾನಾ ವಾಲ್‌ಸ್ಟಾಡ್ ಅನ್ನುವವರ ವಿಧಾನ ಇದಕ್ಕೆ ಸರಿಹೋಗುತ್ತದೆ. ಒಂದು ಇಂಚು ಮಣ್ಣು, ಮೇಲೆ ಒಂದು ಇಂಚು ದಪ್ಪ ಮರಳು ಅಥವಾ ಸಣ್ಣ ಜಲ್ಲಿ, ಮೊದಲ ದಿನದಿಂದಲೇ ತುಂಬಾ ಗಿಡ. ಸಿಲಿಂಡರ್ ಇಲ್ಲ. ಮಣ್ಣಿನಲ್ಲಿ ಕೊಳೆಯುವ ವಸ್ತುವಿನಿಂದಲೇ ಕಾರ್ಬನ್ ಡೈಆಕ್ಸೈಡ್ ಬರುತ್ತದೆ.

ಮಣ್ಣನ್ನು ಹಾಗೇ ತುಂಬಬೇಡಿ. ಜರಡಿ ಹಿಡಿಯಿರಿ. ಬಾಣಲಿಯಲ್ಲಿ ನೀರು ಹಾಕಿ ಕಲಸಿ, ತೇಲುವ ಕಸ ಚೆಲ್ಲಿ, ಬಿಸಿಲಿಗೆ ಪೂರ್ತಿ ಒಣಗಿಸಿ. ಮತ್ತೆ ನೀರು, ಮತ್ತೆ ಬಿಸಿಲು. ಮೂರು ನಾಲ್ಕು ಸುತ್ತು ಹೀಗೆ ಮಾಡಿದರೆ ಅಮೋನಿಯಾ ಆಗುವುದೆಲ್ಲ ಹೊರಗೇ ಮುಗಿಯುತ್ತದೆ. ಕೊನೆಗೆ ಹಸಿ ಮಣ್ಣಿನ ವಾಸನೆ ಮಾತ್ರ ಬರಬೇಕು, ಕೊಳೆತ ವಾಸನೆ ಅಲ್ಲ. ಕೊಟ್ಟಿಗೆ ಗೊಬ್ಬರ ಚೂರೂ ಬೇಡ. ಎರೆಗೊಬ್ಬರ ಹಾಕಲೇಬೇಕು ಅಂದರೆ ಒಂದು ಹಿಡಿ, ಅದನ್ನೂ ಈ ಸುತ್ತಿನಲ್ಲೇ ಸೇರಿಸಿ.

ಮರಳಿನ ವಿಷಯ. ಹೊಳೆ ಮರಳು ಸಿಕ್ಕರೆ ಒಳ್ಳೆಯದು. ಎಂ ಸ್ಯಾಂಡ್ ಗ್ರಾನೈಟ್ ಪುಡಿ, ನೀರಿಗೆ ಏನೂ ಬಿಡುವುದಿಲ್ಲ, ಆದರೆ ಧೂಳು ತುಂಬಾ, ಅಂಚು ಚೂಪು. ತಳದಲ್ಲಿ ಓಡಾಡುವ ಕೋರಿಡೋರಾಸ್ ಇದ್ದರೆ ಅದರ ಮೀಸೆಗೆ ಪೆಟ್ಟು. ಕಲ್ಲಿಗೆ ನಮ್ಮ ಕಡೆ ಬರವಿಲ್ಲ, ಗ್ರಾನೈಟ್ ಚೂರು ಧೈರ್ಯವಾಗಿ ಹಾಕಿ. ಸುಣ್ಣಕಲ್ಲು ಬೇಡ. ಅನುಮಾನ ಇದ್ದರೆ ವಿನೆಗರ್ ಹನಿ ಬಿಡಿ, ನೊರೆ ಬಂದರೆ ಹೊರಗಿಡಿ.

ಸಿಲಿಂಡರ್_ಸೀನ
ಮಣ್ಣು ಹಾಕಿದವರು ಆಗಾಗ ಬಿದಿರು ಕಡ್ಡಿಯಿಂದ ತಳ ಚುಚ್ಚಬೇಕು. ಕೊಳೆತ ಮೊಟ್ಟೆ ವಾಸನೆಯ ಗುಳ್ಳೆ ಬಂದರೆ ಒಳಗೆ ಗಾಳಿ ಇಲ್ಲ ಅಂತ. ಮರದ ಬೇರು ಇಡುವವರು ನೀಲಗಿರಿ ಇಡಬೇಡಿ, ಎಣ್ಣೆ ಬಿಡುತ್ತೆ. ನಮ್ಮ ಜಿಲ್ಲೆಯಲ್ಲಿ ಎಲ್ಲಿ ನೋಡಿದರೂ ಅದೇ ಬಿದ್ದಿರುತ್ತೆ, ಅದಕ್ಕೆ ಹೇಳಿದೆ.

ಗಪ್ಪಿ_ಕೋಲಾರ
ಲೈಟ್? ಈಗ ಬೆಳಿಗ್ಗೆ ಎದ್ದಾಗ ಹಾಕಿ ಮಲಗುವಾಗ ಆರಿಸುತ್ತೇನೆ. ಗಾಜಿಗೆ ಹಸಿರು ಪುಡಿ, ಅನುಬಿಯಾಸ್ ಎಲೆಯ ಅಂಚಿಗೆ ಕಪ್ಪು ಗಡ್ಡ.

ಪಾವಗಡ_ಪೆಟ್ಟಿಗೆ
ಪಾಚಿ ಯಾಕೆ ಅಂತ ನೀವೇ ಹೇಳಿಬಿಟ್ಟಿರಲ್ಲ ಸಾರ್ 🙂

ತುಮಕೂರು_ತೊಟ್ಟಿ
ದಿನಕ್ಕೆ ಆರು ಗಂಟೆಯಿಂದ ಶುರು ಮಾಡಿ. ಗಿಡ ಹಿಡಿದ ಮೇಲೆ ಎಂಟು. ಅದಕ್ಕಿಂತ ಜಾಸ್ತಿ ಬೇಡವೇ ಬೇಡ. ನೀವು ಮನೆಯಲ್ಲಿ ಇರುವ ಹೊತ್ತಿಗೆ ಇಟ್ಟುಕೊಳ್ಳಿ, ಮಧ್ಯಾಹ್ನ ಖಾಲಿ ಮನೆಗೆ ಯಾಕೆ ಲೈಟ್. ಅಕ್ವೇರಿಯಂ ಹೆಸರಿನ ದುಬಾರಿ ಲೈಟೇ ಆಗಬೇಕಿಲ್ಲ. ಮನೆಗೆ ಹಾಕುವ ಬಿಳಿ ಎಲ್‌ಇಡಿ ಬ್ಯಾಟನ್, 6500 ಕೆ ಅಂತ ಬರೆದದ್ದು, ವ್ಯಾಲಿಸ್ನೇರಿಯಾ, ಕ್ರಿಪ್ಟ್, ಅನುಬಿಯಾಸ್‌ಗೆ ಸಾಕು. ನೇರ ಬಿಸಿಲು ಬೀಳುವ ಕಿಟಕಿ ಪಕ್ಕ ಟ್ಯಾಂಕ್ ಇಡಬೇಡಿ.

ಟೈಮರ್ ತರುವುದಾದರೆ ಬ್ಯಾಟರಿ ಇರುವ ಡಿಜಿಟಲ್ ಟೈಮರ್ ತನ್ನಿ. ಮುಳ್ಳು ತಿರುಗುವ ಟೈಮರ್ ಕರೆಂಟ್ ಹೋದಾಗ ನಿಂತುಬಿಡುತ್ತೆ. ದಿನಾ ಎರಡು ಗಂಟೆ ಕರೆಂಟ್ ತೆಗೆದರೆ ಒಂದು ವಾರದಲ್ಲಿ ಟ್ಯಾಂಕ್‌ಗೆ ರಾತ್ರಿ ಹಗಲು ಅದಲುಬದಲು.

ಕಪ್ಪು ಗಡ್ಡದ ಪಾಚಿ ಉಜ್ಜಿದರೆ ಹೋಗಲ್ಲ. ಆ ಎಲೆಯನ್ನೇ ಕತ್ತರಿಸಿ. ತಳದಲ್ಲಿ ಕೊಳೆತದ್ದೆಲ್ಲ ಎಳೆದು ತೆಗೆಯಿರಿ, ಮೀನಿಗೆ ಊಟ ಕಡಿಮೆ ಮಾಡಿ. ಮನಿ ಪ್ಲಾಂಟ್ ಬಳ್ಳಿಯ ಬೇರು ಮಾತ್ರ ನೀರಿಗೆ ಇಳಿಯುವಂತೆ ಹಿಂದಿನ ಮೂಲೆಯಲ್ಲಿ ಸಿಕ್ಕಿಸಿ. ಎಲೆ ಗಾಳಿಯಲ್ಲಿ ಇರುವುದರಿಂದ ಅದಕ್ಕೆ ಸಿಓಟು ಚಿಂತೆ ಇಲ್ಲ, ನೈಟ್ರೇಟ್ ಚೆನ್ನಾಗಿ ಹೀರುತ್ತೆ. ಪಾಚಿಗೆ ನಾನು ಕಂಡ ಅಗ್ಗದ ಮದ್ದು ಇದು.

ಸಿಲಿಂಡರ್_ಸೀನ
ಲಿಕ್ವಿಡ್ ಕಾರ್ಬನ್ ಅಂತ ಯಾರಾದರೂ ಮಾರಿದರೆ ವ್ಯಾಲಿಸ್ನೇರಿಯಾ ಇರುವ ಟ್ಯಾಂಕ್‌ಗೆ ಹಾಕಬೇಡಿ. ಅದು ಗ್ಲುಟರಾಲ್ಡಿಹೈಡ್. ಪಾಚಿ ಸಾಯುತ್ತೆ ನಿಜ, ವ್ಯಾಲಿಸ್ನೇರಿಯಾವೂ ಕರಗುತ್ತೆ.

ಮನೆಯಲ್ಲೇ ಸಿಓಟುಗೆ ಸಕ್ಕರೆ, ಈಸ್ಟ್ ಬಾಟಲಿ ಮಾಡುವವರಿಗೆ: ಅದನ್ನು ರಾತ್ರಿ ನಿಲ್ಲಿಸಲು ಆಗಲ್ಲ. ಕತ್ತಲಲ್ಲಿ ಗಿಡವೂ ಆಮ್ಲಜನಕ ತಿನ್ನುತ್ತೆ. ಬೆಳಗಿನ ಜಾವ ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಬಾಟಲಿ ಪೈಪ್ ತೆಗೆದು ಏರ್ ಪಂಪ್ ಹಾಕಿ. ಕರೆಂಟ್ ಇಲ್ಲದಿದ್ದರೆ ಚೊಂಬಿನಲ್ಲಿ ನೀರು ಎತ್ತಿ ಎತ್ತಿ ಸುರಿಯಿರಿ. ಬ್ಯಾಟರಿಯ ಸಣ್ಣ ಏರ್ ಪಂಪ್ ಒಂದು ಮನೆಯಲ್ಲಿರಲಿ.

ಗಪ್ಪಿ_ಕೋಲಾರ
ಸರಿ, ಹೀಗೆ ಮಾಡುತ್ತೇನೆ. ಬಣ್ಣದ ಜಲ್ಲಿ ತೆಗೆದು ಕೆಮ್ಮಣ್ಣು, ಮೇಲೆ ಮರಳು. ನೇರಳೆ ಗಿಡ ಕುಂಡಕ್ಕೆ. ವ್ಯಾಲಿಸ್ನೇರಿಯಾ, ವಿಸ್ಟೀರಿಯಾ ಜಾಸ್ತಿ. ಹೈಡ್ರಿಲಾ ಕೆರೆಯಿಂದಲೇ ತರಬಹುದಾ? ಅಂತರಗಂಗೆಯೂ ಸಿಗುತ್ತೆ. ಬೆಟ್ಟ ಅಲ್ಲ, ತೇಲುವ ಗಿಡ.

ಬಾಟನಿ_ಮೇಷ್ಟ್ರು
ತರಬಹುದು. ಆದರೆ ಜೊತೆಗೆ ಕೊಡತಿ ಹುಳುವಿನ ಮರಿ, ಜಿಗಣೆ, ಬಸವನಹುಳು ಬರುತ್ತವೆ. ಕೊಡತಿ ಮರಿ ಗಪ್ಪಿ ಮರಿಯನ್ನು ಹಿಡಿದು ತಿನ್ನುತ್ತದೆ. ಬೇರೆ ಬಕೆಟ್‌ನಲ್ಲಿ ಒಂದೆರಡು ವಾರ ಇಟ್ಟು ನೋಡಿ. ಬಸವನಹುಳುವಿಗೆ ಪಟಿಕದ ನೀರಿನಲ್ಲಿ ಗಿಡ ನೆನೆಸಿ ಚೆನ್ನಾಗಿ ತೊಳೆಯುತ್ತಾರೆ. ಬಂದರೂ ಗಾಬರಿ ಬೇಡ, ಕೊಳೆತ ಎಲೆ ತಿಂದುಕೊಂಡಿರುತ್ತವೆ. ವಿಪರೀತ ಆದರೆ ನೀವು ಮೀನಿಗೆ ಊಟ ಜಾಸ್ತಿ ಹಾಕುತ್ತಿದ್ದೀರಿ ಅಂತ ಅರ್ಥ. ಅಂತರಗಂಗೆ ಮೇಲೆ ಪೂರ್ತಿ ಮುಚ್ಚಿಕೊಂಡರೆ ಕೆಳಗಿನ ಗಿಡಕ್ಕೆ ಬೆಳಕಿಲ್ಲ, ಅರ್ಧಕ್ಕಿಂತ ಜಾಸ್ತಿ ಬಿಡಬೇಡಿ.

ತೆಗೆದದ್ದನ್ನು ಕೆರೆಗೆ, ರಾಜಕಾಲುವೆಗೆ ಎಸೆಯಬೇಡಿ. ಅಂಗಡಿಯಿಂದ ತಂದ ಯಾವ ಗಿಡವನ್ನೂ ಎಸೆಯಬೇಡಿ. ಕೆರೆಗಳಲ್ಲಿ ಹಬ್ಬಿರುವ ಕಳೆ ಹೂವು, ಅದೇ ವಾಟರ್ ಹಯಸಿಂತ್, ದಕ್ಷಿಣ ಅಮೆರಿಕದಿಂದ ಅಲಂಕಾರಕ್ಕೆ ಅಂತ ಬಂದದ್ದು. ಬಿಸಿಲಿಗೆ ಒಣಗಿಸಿ ತಿಪ್ಪೆಗೆ ಹಾಕಿ.

ಗಪ್ಪಿ_ಕೋಲಾರ
ಆಯಿತು ಸರ್. ಮಣ್ಣು ಹಾಕಿದ ಮೇಲೆ ಮೀನು ಯಾವಾಗ ವಾಪಸ್ ಬಿಡಲಿ? ಈಗ ಟಬ್‌ನಲ್ಲಿ ಇಡಬೇಕು.

ತುಮಕೂರು_ತೊಟ್ಟಿ
ಹಳೆ ಫಿಲ್ಟರ್ ಸ್ಪಂಜ್ ತೊಳೆಯದೆ ಹಾಗೇ ಟಬ್‌ನಲ್ಲಿ ಓಡಿಸಿ, ಅಮೋನಿಯಾ ಕಳೆಯುವ ಬ್ಯಾಕ್ಟೀರಿಯಾ ಅದರಲ್ಲೇ ಇರುವುದು. ಹೊಸ ತಳದ ಟ್ಯಾಂಕ್‌ಗೂ ಅದನ್ನೇ ಹಾಕಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ತೋರಿಸುವವರೆಗೆ ಮೀನು ಬೇಡ. ಹೊಸ ಸ್ಪಂಜ್‌ನಿಂದ ಶುರು ಮಾಡಿದರೆ ನಾಲ್ಕರಿಂದ ಆರು ವಾರ ಹಿಡಿಯುತ್ತೆ, ಹಳೆಯದು ಇದ್ದರೆ ಬೇಗ.

ವ್ಯಾಲಿಸ್ನೇರಿಯಾ ದುಡ್ಡು ಕೊಟ್ಟು ತರಬೇಡಿ, ನನ್ನಲ್ಲಿ ರನ್ನರ್ ಬಿಟ್ಟು ಟ್ಯಾಂಕ್ ತುಂಬಿದೆ. ಈ ಕಡೆ ಬರುವವರು ಯಾರಾದರೂ ಇದ್ದರೆ ಒದ್ದೆ ಪೇಪರ್‌ನಲ್ಲಿ ಸುತ್ತಿ ಕೊಡುತ್ತೇನೆ.

ಪಾವಗಡ_ಪೆಟ್ಟಿಗೆ
ನನಗೂ ಒಂದು ಹಿಡಿ ಅಕ್ಕ. ಬದಲಿಗೆ ವಿಸ್ಟೀರಿಯಾ ಕಟ್ಟು ತರುತ್ತೇನೆ.

ಡ್ರಿಪ್ಪು_ಗೊಬ್ಬರ
0-52-34 ಒಬ್ಬೊಬ್ಬರು ಒಂದೊಂದು ಕೆಜಿ ತಗೊಂಡು ಏನು ಮಾಡುತ್ತೀರಿ. ನಾನು ಒಂದು ಪ್ಯಾಕೆಟ್ ಒಡೆದು ನೂರು ನೂರು ಗ್ರಾಂ ಮಾಡಿ ಇಡುತ್ತೇನೆ, ಬೇಕಾದವರು ಇಲ್ಲಿ ಹೆಸರು ಹಾಕಿ. ತೇವ ಹಿಡಿದು ಗಟ್ಟಿಯಾಗುತ್ತೆ, ಗಾಳಿಯಾಡದ ಡಬ್ಬಿ ಇಟ್ಟುಕೊಳ್ಳಿ. ಮೇಲೆ ದೊಡ್ಡದಾಗಿ ಹೆಸರು ಬರೆಯಿರಿ. ನೋಡಲು ಥೇಟ್ ಪುಡಿಯುಪ್ಪು, ಅಡುಗೆಮನೆ ಕಡೆ ಸುಳಿಯಬಾರದು.

ಗಪ್ಪಿ_ಕೋಲಾರ
ಒಂದು ನನ್ನ ಹೆಸರಿಗೆ ಅಣ್ಣ.

ಶಿಡ್ಲಘಟ್ಟ_ಸೀಗಡಿ
ನನಗೆ 0-0-50 ಇದ್ದರೆ ನೂರು ಗ್ರಾಂ. ಸೋಮವಾರ ಚಿಂತಾಮಣಿಗೆ ಬರುವುದಿದೆ, ಅಂಗಡಿಗೇ ಬಂದು ಒಯ್ಯುತ್ತೇನೆ.